ರೆಸಿನ್ ಡ್ರಾಗನ್: ರೆಕ್ಕೆ ಮೇಲೆ ವಾಶ್ ಕಲೆ, ಹೈಲೈಟ್ ಸುಣ್ಣ ಬಳಿದ ಹಾಗೆ. ಬಣ್ಣ ಕಿತ್ತು ಮತ್ತೆ ಶುರು ಮಾಡಬೇಕಾ?

ಕೆಂಪುರೆಕ್ಕೆ

ನಮಸ್ಕಾರ ಎಲ್ಲರಿಗೂ. 32 ಮಿ.ಮೀ. ಸ್ಕೇಲಿನ (ಮನುಷ್ಯನ ಗೊಂಬೆ ಸುಮಾರು 32 ಮಿ.ಮೀ. ಎತ್ತರ ಬರೋ ಅಳತೆ) ಡ್ರಾಗನ್, ಬೆನ್ನ ಮೇಲೊಬ್ಬ ಸವಾರ. ರೆಸಿನ್ ಮಾಡೆಲ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 18 ಸೆಂ.ಮೀ. ಮೈ, ಎರಡು ರೆಕ್ಕೆ, ಸವಾರ ಎಲ್ಲ ಸದ್ಯಕ್ಕೆ ಬಿಡಿಬಿಡಿಯಾಗಿವೆ. ಈವರೆಗೆ ಆಗಿರೋ ಕೆಲಸ ಇಷ್ಟು.

ಸೋಪುನೀರಲ್ಲಿ ತೊಳೆದು ಕಪ್ಪು ಸ್ಪ್ರೇ ಪ್ರೈಮರ್, ಅದರ ಮೇಲೆ ನೆತ್ತಿ ಕಡೆಯಿಂದ ಮಾತ್ರ ಬಿಳಿ. ರೆಕ್ಕೆಯ ಪೊರೆಗೆ ಕಡುಗೆಂಪು ಎರಡು ಕೋಟ್, ಆಮೇಲೆ ಇಡೀ ರೆಕ್ಕೆಗೆ ಕಂದು ವಾಶ್ (ನೆರಳಿಗೆ ಹಚ್ಚೋ ನೀರಾದ ಬಣ್ಣ), ಬಾಟಲಿಯಿಂದ ನೇರವಾಗಿ. ಒಣಗಿದಾಗ ಎಲುಬುಗಳ ನಡುವಿನ ಜಾಗದಲ್ಲಿ ಉಂಗುರದಂಥ ಗೆರೆ ಬಿದ್ದಿವೆ. ಅದನ್ನ ಮುಚ್ಚೋಕೆ ಅದೇ ಕೆಂಪಿಗೆ ಬಿಳಿ ಬೆರೆಸಿ ಹೈಲೈಟ್ ಕೊಟ್ಟರೆ ಗುಲಾಬಿ ಬಣ್ಣಕ್ಕೆ ತಿರುಗಿ ಸುಣ್ಣ ಬಳಿದ ಹಾಗೆ ಕಾಣ್ತಿದೆ. ಮೈಯ ಹುರುಪೆಗಳಿಗೆ ಹಸಿರು ಡ್ರೈಬ್ರಷ್ (ಬಣ್ಣ ಬಹುಪಾಲು ಒರೆಸಿದ ಬ್ರಷ್‌ನಿಂದ ಉಬ್ಬುಗಳ ಮೇಲೆ ಸವರೋದು), ಅದೂ ತರಿತರಿ. ಸವಾರನ ಕವಚಕ್ಕೆ ಸಿಲ್ವರ್ ಹಚ್ಚಿ ಕಪ್ಪು ವಾಶ್ ಕೊಟ್ಟಿದ್ದಕ್ಕೆ ಲೋಹದ ಹೊಳಪೇ ಹೋಗಿದೆ. ಅವನ ಕಣ್ಣು ಬೆಚ್ಚಿಬಿದ್ದವನ ಕಣ್ಣಿನ ಥರ ಇದೆ.

ಇನ್ನೊಂದು. ಬಲರೆಕ್ಕೆ ಭುಜಕ್ಕೆ ಕೂರಿಸಿದರೆ 1 ಮಿ.ಮೀ. ಸಂದು ಉಳಿಯುತ್ತೆ. ಪೇಂಟ್ ಮುಗಿಸಿ ಅಂಟಿಸಲಾ, ಈಗಲೇನಾ? ಎಲ್ಲ ಕಿತ್ತು ಹೊಸದಾಗಿ ಮಾಡೋದೇ ವಾಸಿನಾ? ಇದು ಶೋಕೇಸಿಗಲ್ಲ, ಮೇಜಿನ ಮೇಲೆ ಆಡೋ ಆಟಕ್ಕೆ. ಕೈಯಲ್ಲಿ ಹಿಡಿದು ಎತ್ತಿಡೋ ಮಾಡೆಲ್.

ತುದಿಕುಂಚ

ರೆಕ್ಕೆಯ ಬಣ್ಣ ಕೀಳಬೇಡಿ. ನೀವು ಹೇಳಿದ್ದರಲ್ಲಿ ರೆಕ್ಕೆಯೇ ಅತಿ ಸುಲಭವಾಗಿ ಸರಿಹೋಗುವ ಭಾಗ.

ಮೊದಲು ಗೆರೆ ಯಾಕೆ ಬಿತ್ತು ನೋಡಿ. ವಾಶ್ ಇರೋದು ಸಂದಿಗಳಿಗೆ ಇಳಿಯೋಕೆ. ರೆಕ್ಕೆಯ ಪೊರೆಯಲ್ಲಿ ಸಂದಿಯೇ ಇಲ್ಲ, ಬರೀ ಅಗಲವಾದ ತಗ್ಗು. ಅಲ್ಲಿ ನಿಂತ ದ್ರವ ಅಂಚಿನಲ್ಲಿ ಬೇಗ ಆರುತ್ತೆ, ಆರಿದ ಜಾಗ ತುಂಬಿಕೊಳ್ಳೋಕೆ ನಡುವಿನ ನೀರು ಅಂಚಿಗೆ ಹರಿಯುತ್ತೆ, ಹರಿಯುವಾಗ ಬಣ್ಣದ ಕಣಗಳನ್ನೂ ಹೊತ್ತೊಯ್ಯುತ್ತೆ. ಉಂಗುರ ಹುಟ್ಟೋದು ಹೀಗೆ. ಹಾಗಾಗಿ ದೊಡ್ಡ ನಯವಾದ ಮೈಗೆ ಇಡಿಯಾಗಿ ವಾಶ್ ಹಚ್ಚೋದನ್ನೇ ಬಿಟ್ಟುಬಿಡಿ. ಕೊಡಲೇಬೇಕು ಅಂದರೆ ವಾಶ್ ಒಂದು ಪಾಲು, ಮ್ಯಾಟ್ ಮೀಡಿಯಂ (ಬಣ್ಣ ತೆಳುಮಾಡೋ, ಹೊಳಪಿಲ್ಲದ ಅಂಟುದ್ರವ) ಒಂದು ಪಾಲು ಬೆರೆಸಿ ಎಲುಬಿನ ಬುಡದಲ್ಲಿ ಮಾತ್ರ ಎಳೆಯಿರಿ. ಒಂದು ಒದ್ದೆ ಬ್ರಷ್ ಪಕ್ಕದಲ್ಲೇ ಇರಲಿ, ಎಲ್ಲಾದರೂ ಮಡುಗಟ್ಟಿದರೆ ತಕ್ಷಣ ಹೀರಿ ತೆಗೆಯೋಕೆ. ಅರ್ಧ ಒಣಗಿದ ಮೇಲೆ ಮುಟ್ಟಬೇಡಿ, ಪದರ ಹರಿದು ಇನ್ನೂ ಕೆಡುತ್ತೆ.

ಈಗ ರಿಪೇರಿ. ಅದೇ ಕಡುಗೆಂಪು ಒಂದು ಪಾಲಿಗೆ ನೀರು ಎರಡು ಪಾಲು, ಜೊತೆಗೆ ಒಂದು ತೊಟ್ಟು ಮ್ಯಾಟ್ ಮೀಡಿಯಂ. ಎಲುಬಿನ ಬುಡದ ನೆರಳು ಬಿಟ್ಟು ಪೊರೆಯ ಉಳಿದ ಭಾಗಕ್ಕೆ ಎರಡು ತೆಳು ಕೋಟ್. ಉಂಗುರಗಳು ಪೂರ್ತಿ ಹೋಗಬೇಕಿಲ್ಲ, ಮಸುಕಾದರೆ ಸಾಕು. ಮುಂದಿನದನ್ನ ಗ್ಲೇಜ್ ನೋಡಿಕೊಳ್ಳುತ್ತೆ.

ಗ್ಲೇಜ್ ಅಂದರೆ ಬಣ್ಣ ಒಂದು ಪಾಲು, ತೆಳುಮಾಡೋ ದ್ರವ ಆರರಿಂದ ಎಂಟು ಪಾಲು. ಆ ದ್ರವದಲ್ಲಿ ಅರ್ಧದಷ್ಟಾದರೂ ಗ್ಲೇಜ್ ಮೀಡಿಯಂ ಇರಲಿ. ವ್ಯಾಲೆಹೊ ಗ್ಲೇಜ್ ಮೀಡಿಯಂ, ಸಿಟಾಡೆಲ್‌ನ ಲಾಹ್ಮಿಯನ್ ಮೀಡಿಯಂ, ಯಾವುದಾದರೂ ನಡೆಯುತ್ತೆ. ಬರೀ ನೀರು ಸುರಿದರೆ ಬಣ್ಣವನ್ನು ಹಿಡಿದಿಡುವ ಅಂಟು ತೆಳುವಾಗಿ ಮತ್ತೆ ಅದೇ ಉಂಗುರ. ಬ್ರಷ್ ಅದ್ದಿದ ಮೇಲೆ ಟಿಶ್ಯೂಗೆ ಒಮ್ಮೆ ಒರೆಸಿ. ಹೆಬ್ಬೆರಳ ಉಗುರಿನ ಮೇಲೆ ಒಂದು ಗೀಟು ಎಳೆದು ನೋಡಿ: ತೆಳು ಹೊದಿಕೆ ಬಿದ್ದು ಅರ್ಧ ನಿಮಿಷದೊಳಗೆ ಆರಿದರೆ ಸರಿಯಿದೆ. ಹನಿ ಉಬ್ಬಿ ನಿಂತರೆ ಬ್ರಷ್‌ನಲ್ಲಿ ದ್ರವ ಜಾಸ್ತಿ. ಗ್ಲೇಜ್ ಕೆಡೋದು ಬಹುಪಾಲು ಇದೊಂದೇ ಕಾರಣಕ್ಕೆ, ಬಣ್ಣದ ಆಯ್ಕೆಯಿಂದಲ್ಲ.

ಎಳೆಯುವ ದಿಕ್ಕೂ ಮುಖ್ಯ. ಗೀಟು ಎಲ್ಲಿ ಮುಗಿಯುತ್ತೋ ಅಲ್ಲಿ ಹೆಚ್ಚು ಬಣ್ಣ ಉಳಿಯುತ್ತೆ. ನೆರಳಿನ ಗ್ಲೇಜನ್ನ ಪೊರೆಯ ನಡುವಿನಿಂದ ಎಲುಬಿನ ಕಡೆಗೆ ಎಳೆದು ಅಲ್ಲಿ ಎತ್ತಿ. ಬೆಳಕಿನದನ್ನ ಎಲುಬಿನ ಕಡೆಯಿಂದ ಪೊರೆಯ ನಡುವಿಗೆ, ಹರಿದ ಅಂಚಿನ ಕಡೆಗೆ. ಐದಾರು ಪದರ ಬೇಕಾಗುತ್ತೆ, ಪ್ರತಿ ಪದರವೂ ಪೂರ್ತಿ ಒಣಗಬೇಕು.

ಗುಲಾಬಿ ಆಗಿದ್ದಕ್ಕೆ ಬಿಳಿಯೇ ಕಾರಣ. ಟೈಟಾನಿಯಂ ಬಿಳಿ ಕೆಂಪನ್ನ ತಂಪು ಮಾಡಿಬಿಡುತ್ತೆ. ಕೆಂಪನ್ನ ಎತ್ತೋದು ಕಿತ್ತಳೆಯಿಂದ: ಕಡುಗೆಂಪು, ಅಚ್ಚ ಕೆಂಪು, ಕೆಂಗಿತ್ತಳೆ, ಕೊನೆಯ ಅಂಚಿಗೆ ಮಾತ್ರ ತಿಳಿ ಚರ್ಮದ ಬಣ್ಣ ಒಂಚೂರು ಬೆರೆತ ಕಿತ್ತಳೆ. ನೆರಳಿಗೆ ಕಪ್ಪು ಬೇಡ, ಕಡುಗೆಂಪಿಗೆ ನೇರಳೆ ಅಥವಾ ಕಡುನೀಲಿ ಸೇರಿಸಿ. ಪೊರೆ ತೆಳು ಚರ್ಮ, ಹಿಂದಿನಿಂದ ಬೆಳಕು ಹಾಯುತ್ತೆ ಅನ್ನೋದು ಕಾಣಬೇಕಾದರೆ ಎಲುಬುಗಳ ನಡುವೆ ಬೆಚ್ಚನೆ ಕಿತ್ತಳೆ, ಎಲುಬಿನ ಪಕ್ಕ ನೇರಳೆ. ಈ ಜೋಡಿ ಒಂದಿದ್ದರೆ ನರಗಳನ್ನ ಒಂದೊಂದಾಗಿ ಬರೆಯೋ ಅಗತ್ಯವೇ ಬೀಳಲ್ಲ.

ಪುಟ್ಟಿ_ಪಂಡಿತ

ರೆಕ್ಕೆಗೆ ಮೇಲಿನವರು ಹೇಳಿದ್ದೇ ಸರಿ. ಆದರೆ ಮೈಯ ಹುರುಪೆ ತರಿತರಿ ಅಂದಿರಲ್ಲ, ಅದು ಡ್ರೈಬ್ರಷ್‌ದೇ ತಪ್ಪು ಅಂತ ತೀರ್ಮಾನಿಸೋ ಮೊದಲು ಹಸಿರು ಹತ್ತದಿರೋ ಒಂದು ಜಾಗ ಹುಡುಕಿ, ಹೊಟ್ಟೆಯ ಅಡಿಯಲ್ಲೋ ತೊಡೆಯ ಒಳಗೋ. ಬೆರಳಿನಿಂದ ಸವರಿ. ಅಲ್ಲೂ ಮರಳು ಮರಳಾಗಿ ಸಿಕ್ಕರೆ ತೊಂದರೆ ಪ್ರೈಮರಿನದು. ಕ್ಯಾನ್ ದೂರ ಹಿಡಿದರೆ ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬಂದು ಕೂರುತ್ತವೆ. 20ರಿಂದ 25 ಸೆಂ.ಮೀ. ದೂರ, ಸ್ಪ್ರೇ ಮಾಡೆಲಿನ ಹೊರಗೆ ಶುರುವಾಗಿ ಹೊರಗೇ ಮುಗಿಯಬೇಕು, ಒಂದೊಂದು ಬೀಸು ಒಂದು ಸೆಕೆಂಡಿನಷ್ಟು. ಕ್ಯಾನ್ ಕುಲುಕೋದು ಎರಡು ನಿಮಿಷ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಹೊಡೆಯಲೇಬೇಡಿ.

ಮರಳು ಪ್ರೈಮರಿನದ್ದೇ ಆದರೆ ಮೈಯೊಂದನ್ನ ಮಾತ್ರ ಕೀಳಿ. ಹುರುಪೆಗಳ ಮೇಲೆ ಸ್ಯಾಂಡ್‌ಪೇಪರ್ ಆಡಿಸೋಕೆ ಆಗಲ್ಲ, ಮೇಲೆ ಎಷ್ಟು ಬಣ್ಣ ಹಚ್ಚಿದರೂ ತರಿ ಎದ್ದೇ ಕಾಣುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 15–20 ನಿಮಿಷ ನೆನೆಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ತೊಳೆದು, ಉಳಿದಿದ್ದರೆ ಇನ್ನೊಮ್ಮೆ. ರಾತ್ರಿಯೆಲ್ಲ ನೆನೆಹಾಕಬೇಡಿ, ಕೆಲವು ರೆಸಿನ್ ಮೆತ್ತಗಾಗುತ್ತೆ, ತೆಳು ಕೊಂಬು ಉಗುರುಗಳು ಬಾಗಿಬಿಡುತ್ತವೆ. ಮೊದಲು ಭುಜದ ಗೂಡಿನೊಳಗೆ ಒಂದು ಹನಿ ಹಾಕಿ ಪರೀಕ್ಷಿಸಿ. ಅಸಿಟೋನ್ ಹತ್ತಿರವೂ ತರಬೇಡಿ. ಸಂದಿಯಲ್ಲಿ ಕಪ್ಪು ಅಷ್ಟಿಷ್ಟು ಉಳಿದರೆ ಉಳೀಲಿ, ವಿವರ ಮುಚ್ಚಿಲ್ಲದಿದ್ದರೆ ಅದರಿಂದ ಏನೂ ಕೆಡಲ್ಲ.

ಪ್ರೈಮರ್ ನಯವಾಗಿದ್ದರೆ ತಪ್ಪು ಡ್ರೈಬ್ರಷ್‌ದು, ಅಂದರೆ ಬ್ರಷ್ ಅತಿಯಾಗಿ ಒಣಗಿತ್ತು. ದುಂಡು ತಲೆಯ ಮೆತ್ತನೆ ಮೇಕಪ್ ಬ್ರಷ್ ತಗೊಳ್ಳಿ. ಅದನ್ನ ತೇವದ ಸ್ಪಂಜಿಗೆ ಒಮ್ಮೆ ಮುಟ್ಟಿಸಿ, ಬಣ್ಣ ತಗೊಂಡು, ಒರಟು ರಟ್ಟಿನ ಮೇಲೆ ಸುತ್ತಿ ಸುತ್ತಿ ಹೆಚ್ಚಿನದನ್ನ ತೆಗೀರಿ. ಹುರುಪೆಗಳ ಬಿಡುಅಂಚು ಬಾಲದ ಕಡೆಗೆ ಇರುತ್ತೆ, ಆದ್ದರಿಂದ ಬಾಲದಿಂದ ತಲೆ ಕಡೆಗೆ ಸವರಿ, ಆಗ ಕೂದಲು ಅಂಚಿಗೆ ಎದುರಾಗಿ ಬಡಿಯುತ್ತೆ. ಕಡುಹಸಿರು, ನಡುಹಸಿರು, ಹಳದಿ ಮಿಶ್ರಿತ ಹಸಿರು, ಮೂರು ಮೆಟ್ಟಿಲು. ಒಂದೊಂದಕ್ಕೂ ಮೇಲ್ಮೈ ಕಿರಿದಾಗುತ್ತಾ ಹೋಗಲಿ. ಎಲ್ಲ ಮುಗಿದ ಮೇಲೆ ಕಡುಹಸಿರಿನ ಒಂದು ಗ್ಲೇಜ್ ಹಾಯಿಸಿದರೆ ಪುಡಿ ಪುಡಿ ನೋಟ ಅಡಗುತ್ತೆ. ಎಡ್ಜ್ ಹೈಲೈಟ್ (ಅಂಚಿಗೆ ಎಳೆಯೋ ತಿಳಿ ಬಣ್ಣದ ಗೆರೆ) ತಲೆ, ಕತ್ತು, ಭುಜದ ಹುರುಪೆಗಳಿಗೆ ಸಾಕು. ಬಾಲದ ತುದಿಯ ಹುರುಪೆಗೂ ಒಂದೊಂದಾಗಿ ಗೆರೆ ಎಳೆಯೋದು ವ್ಯರ್ಥ ಶ್ರಮ, ನೋಡೋರ ಕಣ್ಣು ಎಲ್ಲೂ ನಿಲ್ಲಲ್ಲ.

ರೆಕ್ಕೆ ಜೋಡಣೆ ಬಗ್ಗೆ: ಈಗಲೇ ಅಂಟಿಸಿ. ಸಂದು ತುಂಬಿದ ಮೇಲೆ ಭುಜಕ್ಕೆ ಹೇಗೂ ಮತ್ತೆ ಬಣ್ಣ ಬೇಕು, ಮುಗಿದ ಪೇಂಟಿನ ಮೇಲೆ ಪುಟ್ಟಿ ಕೆಲಸ ಮಾಡೋದರಲ್ಲಿ ಅರ್ಥವಿಲ್ಲ. ಸವಾರ ಮಾತ್ರ ಬಿಡಿಯಾಗಿರಲಿ, ಅವನನ್ನ ಕೂರಿಸಿದರೆ ಬೆನ್ನಿಗೂ ಜೀನಿಗೂ ಬ್ರಷ್ ಹೋಗಲ್ಲ.

ಮೊದಲು ಅಂಟುವ ಎರಡೂ ಮುಖಗಳಿಂದ ಪೇಂಟು, ಪ್ರೈಮರು ಎರಡನ್ನೂ ಕೆರೆದು ರೆಸಿನ್ ಕಾಣಿಸಿ. ಇಲ್ಲದಿದ್ದರೆ ಸೂಪರ್‌ಗ್ಲೂ ಹಿಡಿಯೋದು ಪೇಂಟನ್ನ, ಪೇಂಟು ಸಿಪ್ಪೆ ಬಿಟ್ಟಾಗ ರೆಕ್ಕೆಯೂ ಬರುತ್ತೆ. ಪ್ಲಾಸ್ಟಿಕ್ ಸಿಮೆಂಟ್ ರೆಸಿನ್‌ಗೆ ಕೆಲಸ ಮಾಡಲ್ಲ, ಅದು ಪಾಲಿಸ್ಟೈರೀನನ್ನ ಕರಗಿಸಿ ಬೆಸೆಯೋ ವಸ್ತು. ಆಟದ ಮಾಡೆಲ್ ಆದ್ದರಿಂದ ಪಿನ್ ಕಡ್ಡಾಯ: 1 ಮಿ.ಮೀ. ಡ್ರಿಲ್, ಎರಡೂ ಕಡೆ 5 ಮಿ.ಮೀ. ಆಳ, 1 ಮಿ.ಮೀ. ಹಿತ್ತಾಳೆ ಕಡ್ಡಿ. ತೂತುಗಳು ಎದುರುಬದುರು ಬರಬೇಕಾದರೆ ಒಂದು ಕಡೆ ತೂತು ಕೊರೆದು ಅದರ ಬಾಯಿಗೆ ಹಸಿ ಬಣ್ಣ ಮುಟ್ಟಿಸಿ, ರೆಕ್ಕೆಯನ್ನ ಅದರ ಜಾಗಕ್ಕೆ ಒತ್ತಿ ತೆಗೀರಿ, ಆ ಕಡೆ ಗುರುತು ಮೂಡಿರುತ್ತೆ. ಕೊರೆದ ಪುಡಿ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಉಜ್ಜೋದಿದ್ದರೆ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

1 ಮಿ.ಮೀ. ಸಂದಿಗೆ ಗ್ರೀನ್ ಸ್ಟಫ್ ಅಥವಾ ಮಿಲಿಪುಟ್, ಎರಡೂ ಎರಡು ಭಾಗ ಬೆರೆಸಿ ನಾದೋ ಎಪಾಕ್ಸಿ ಪುಟ್ಟಿ. ಮಿಲಿಪುಟ್ ನೀರು ಮುಟ್ಟಿಸಿ ನಯ ಮಾಡೋಕೆ ಸುಲಭ, ಒಣಗಿದ ಮೇಲೆ ಉಜ್ಜಬಹುದು. ಗ್ರೀನ್ ಸ್ಟಫ್ ಒಣಗಿದ ಮೇಲೂ ಸ್ವಲ್ಪ ರಬ್ಬರಿನಂತೆ ಇರೋದರಿಂದ ಸರಿಯಾಗಿ ಉಜ್ಜಕ್ಕಾಗಲ್ಲ, ಆದರೆ ಹುರುಪೆಯಂಥ ವಿವರ ಕೆತ್ತೋಕೆ ಅದೇ ಮೇಲು. ಇಲ್ಲಿ ಹುರುಪೆ ಮುಂದುವರಿಸಬೇಕಾದ್ದರಿಂದ ನನ್ನ ಓಟು ಗ್ರೀನ್ ಸ್ಟಫ್‌ಗೆ. ಪಟ್ಟಿಯಲ್ಲಿ ನೀಲಿ-ಹಳದಿ ಕೂಡುವ ನಡುಗೆರೆ ಆಗಲೇ ಗಟ್ಟಿಯಾಗಿರುತ್ತೆ, ಅದನ್ನ ಕತ್ತರಿಸಿ ಎಸೆದು ಉಳಿದಿದ್ದನ್ನ ಸಮಸಮ ನಾದಿ. ಸಂದಿಗೆ ತುಂಬಿ, ಅರ್ಧ ಗಂಟೆ ಬಿಟ್ಟು ಸ್ವಲ್ಪ ಬಿಗಿಯಾದಾಗ ಒದ್ದೆ ಉಪಕರಣದಿಂದ ಹುರುಪೆ ಒತ್ತಿ. ತಕ್ಷಣ ಒತ್ತಿದರೆ ಗುರುತು ನಿಲ್ಲಲ್ಲ, ಮಾರನೇ ದಿನದವರೆಗೆ ಬಿಟ್ಟರೆ ಒತ್ತೋಕೇ ಆಗಲ್ಲ.

ಕೆಂಪುರೆಕ್ಕೆ

ಹೊಟ್ಟೆ ಅಡಿಯಲ್ಲಿ ಸವರಿ ನೋಡಿದೆ, ಪ್ರೈಮರ್ ನಯವಾಗೇ ಇದೆ. ಹಾಗಾದರೆ ಕೀಳೋದು ಬೇಡ. ಇನ್ನು ಸವಾರನ ಕಥೆ ಹೇಳಿ. ಕಣ್ಣಿಗೆ 000 ಬ್ರಷ್ ಬಳಸ್ತಿದೀನಿ, ಅದರಲ್ಲಿ ಬಣ್ಣ ಇಳಿಯೋದೇ ಇಲ್ಲ. ಕವಚಕ್ಕೆ ಲೋಹದ ಬಣ್ಣ ಬಿಟ್ಟು ಎನ್‌ಎಂಎಂ (ನಾನ್-ಮೆಟಾಲಿಕ್ ಮೆಟಲ್) ಮಾಡೋದು ಒಳ್ಳೇದಾ?

ಮೂರನೇ_ಪದರ

000 ಎತ್ತಿಡಿ. ಬ್ರಷ್‌ನ ಅಷ್ಟು ಸಣ್ಣ ಹೊಟ್ಟೆಯಲ್ಲಿ ನಿಲ್ಲೋ ಬಣ್ಣ ಕಣ್ಣು ಮುಟ್ಟೋದರೊಳಗೆ ತುದಿಯಲ್ಲೇ ಒಣಗುತ್ತೆ. ಒಳ್ಳೇ ತುದಿ ಇರೋ ಕೊಲಿನ್ಸ್ಕಿ ಸೇಬಲ್ (ಪ್ರಾಣಿಕೂದಲಿನ ಬ್ರಷ್) 1ನೇ ನಂಬರ್ ತಗೊಳ್ಳಿ, ಅದರ ತುದಿ 000ದಷ್ಟೇ ಚೂಪು, ಹೊಟ್ಟೆಯಲ್ಲಿ ಮಾತ್ರ ಬಣ್ಣ ನಿಲ್ಲುತ್ತೆ. ಎರಡೂ ಮಣಿಕಟ್ಟು ಒಂದಕ್ಕೊಂದು ಆನಿಸಿ ಹಿಡಿದರೆ ಕೈ ನಡುಗಲ್ಲ. ತುದಿ ಚೂಪು ಮಾಡೋಕೆ ಬ್ರಷ್ ಬಾಯಿಗಿಡೋ ಅಭ್ಯಾಸ ಇದ್ದರೆ ಬಿಡಿ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತೆ.

ಕಣ್ಣು ಬೆಚ್ಚಿದ ಹಾಗೆ ಕಾಣೋದು ಪಾಪೆಯ (ಅಂದರೆ ಬಿಳಿಯ ನಡುವಿನ ಬಣ್ಣದ ವೃತ್ತ ಪೂರ್ತಿ) ಸುತ್ತ ನಾಲ್ಕೂ ಕಡೆ ಬಿಳಿ ಕಾಣೋದರಿಂದ. ಸುಮ್ಮನಿರೋ ಮನುಷ್ಯನ ಪಾಪೆಯ ಮೇಲಂಚು ರೆಪ್ಪೆಯಡಿ ಮುಚ್ಚಿರುತ್ತೆ. ಆದ್ದರಿಂದ ಪಾಪೆಯನ್ನ ಚುಕ್ಕಿಯಾಗಿ ಇಡಬೇಡಿ, ಮೇಲ್ರೆಪ್ಪೆಯಿಂದ ಕೆಳರೆಪ್ಪೆವರೆಗೆ ಒಂದು ಸಣ್ಣ ನಿಂತ ಗೆರೆಯಾಗಿ ಎಳೀರಿ. ಕ್ರಮ ಹೀಗಿರಲಿ: ಕಣ್ಣಿನ ಗೂಡಿಗೆ ಕಡುಗಂದು, ಅದರೊಳಗೆ ಅಡ್ಡಕ್ಕೆ ಒಂದು ಗೀಟು ಮಾಸಲು ಬಿಳಿ, ಅಚ್ಚ ಬಿಳಿ ಬೇಡ. ಆಮೇಲೆ ಪಾಪೆ. ಆಮೇಲೆ ಮೇಲ್ರೆಪ್ಪೆಗೆ ಕಡುಗಂದಿನ ಗೆರೆ. ಕೊನೆಗೆ ಚರ್ಮದ ಬಣ್ಣದಿಂದ ಸುತ್ತಲೂ ಕತ್ತರಿಸಿದ ಹಾಗೆ ಸರಿಮಾಡೋದು. ಚರ್ಮ ಮೊದಲು ಮುಗಿಸಿ ಕಣ್ಣಿಗೆ ಕೈ ಹಾಕಿದರೆ ಪ್ರತಿ ತಪ್ಪಿಗೂ ಮುಖ ಮತ್ತೆ ಮಾಡಬೇಕಾಗುತ್ತೆ, ಅದಕ್ಕೇ ಕಣ್ಣು ಮೊದಲು. ಎರಡೂ ಪಾಪೆ ಒಂದೇ ಕಡೆ ನೋಡ್ತಿವೆಯಾ ಅಂತ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಸರಿ ಬರ್ತಾನೇ ಇಲ್ಲ ಅಂದರೆ ಹೆಲ್ಮೆಟ್ ನೆರಳಿನಲ್ಲಿ ಕಡುಗಂದು ಗೂಡನ್ನ ಹಾಗೇ ಬಿಡಿ. ತೋಳಳತೆ ದೂರಕ್ಕೆ ಅದು ಕೆಟ್ಟ ಕಣ್ಣಿಗಿಂತ ಎಷ್ಟೋ ಚೆನ್ನ.

ಎನ್‌ಎಂಎಂ ಬೇಡ. ಲೋಹದ ಬಣ್ಣವಿಲ್ಲದೆ ಬೂದು-ಬಿಳಿಗಳಲ್ಲೇ ಲೋಹ ತೋರಿಸೋ ಆ ವಿಧಾನದಲ್ಲಿ ಬೆಳಕು ಎಲ್ಲಿಂದ ಬೀಳುತ್ತೆ ಅನ್ನೋದನ್ನ ನೀವೇ ಬರೆದಿಡ್ತೀರಿ. ಫೋಟೋಗೆ, ಒಂದೇ ದಿಕ್ಕಿನಿಂದ ನೋಡೋ ಶೋಕೇಸಿಗೆ ಅದು ಚೆಂದ. ಆಟದ ಮೇಜಿನ ಮೇಲೆ ನಾಲ್ಕೂ ಕಡೆಯಿಂದ ನೋಡ್ತಾರೆ, ಡ್ರಾಗನ್ ಬೇರೆ ತಿರುಗ್ತಾ ಇರುತ್ತೆ. ಅಲ್ಲಿ ನಿಜವಾದ ಮೆಟಾಲಿಕ್ಕೇ ಗೆಲ್ಲೋದು.

ಹೊಳಪು ಹೋಗಿದ್ದು ಯಾಕೆಂದರೆ ಕಪ್ಪು ವಾಶ್ ಒಣಗಿದಾಗ ಮ್ಯಾಟ್ ಪದರ ಆಗುತ್ತೆ, ಸಿಲ್ವರಿನ ಅಭ್ರಕದ ಚೂರುಗಳು ಅದರಡಿ ಹೂತುಹೋಗ್ತವೆ. ಸಂದಿಯ ಕಪ್ಪು ಹಾಗೇ ಇರಲಿ. ಉಬ್ಬಿದ ಮೈಗಳಿಗೆ ಮೊದಲಿನ ಸಿಲ್ವರನ್ನೇ ಮತ್ತೊಮ್ಮೆ ಹಚ್ಚಿ, ಅಂಚುಗಳಿಗೂ ಬೆಳಕಿಗೆ ಎದುರಾದ ಉಬ್ಬುಗಳಿಗೂ ಇನ್ನೂ ತಿಳಿಯಾದ ಸಿಲ್ವರ್. ತಗ್ಗಿಗೆ ಬೇಕಾದರೆ ನೀಲಿ ಅಥವಾ ಕಂದಿನ ತೆಳು ಗ್ಲೇಜ್. ಮೆಟಾಲಿಕ್‌ಗೆ ನೀರು ಕಮ್ಮಿ, ಹೆಚ್ಚಾದರೆ ಚೂರುಗಳು ಬೇರೆಯಾಗಿ ಚುಕ್ಕಿ ಚುಕ್ಕಿ ಬೀಳ್ತವೆ. ಬ್ರಷ್ ತೊಳೆಯೋ ನೀರೂ ಬೇರೆ ಇರಲಿ. ಅದೇ ನೀರು ರೆಕ್ಕೆಗೆ ಬಳಸಿದರೆ ಕೆಂಪು ಪೊರೆ ಮೇಲೆ ಮಿಣಿಮಿಣಿ ಚೂರು ಕೂತು ಬರೋದೇ ಇಲ್ಲ.

ಎಣ್ಣೆಬಣ್ಣ

ಹುರುಪೆಗೆ ಡ್ರೈಬ್ರಷ್ ಆದ ಮೇಲೆ ಅಕ್ರಿಲಿಕ್ ಗ್ಲೇಜ್ ಅಂದರು, ನನ್ನ ಮತ ಆಯಿಲ್ ವಾಶ್‌ಗೆ, ಅಂದರೆ ಎಣ್ಣೆಬಣ್ಣದ ವಾಶ್‌ಗೆ. 18 ಸೆಂ.ಮೀ. ಪ್ರಾಣಿಯ ಸಾವಿರ ಸಂದಿಗೆ ಅದರಷ್ಟು ನಿರಾಳವಾದದ್ದು ಇನ್ನೊಂದಿಲ್ಲ. ಹಚ್ಚಿ ಅರ್ಧ ಗಂಟೆ ಆದ ಮೇಲೂ ಒರೆಸಬಹುದು, ಉಂಗುರ ಬಿದ್ದರೂ ಒರೆಸಿ ಸರಿಮಾಡಬಹುದು.

ಮೊದಲು ಮೈಗೆ ಅಕ್ರಿಲಿಕ್ ಗ್ಲಾಸ್ (ಹೊಳಪಿನ) ವಾರ್ನಿಶ್, 24 ಗಂಟೆ ಒಣಗಲಿ. ಇದನ್ನ ಬಿಟ್ಟರೆ ವೈಟ್ ಸ್ಪಿರಿಟ್ (ಎಣ್ಣೆಬಣ್ಣ ತೆಳುಮಾಡೋ ದ್ರಾವಕ) ಕೆಳಗಿನ ಬಣ್ಣವನ್ನ ಮೆತ್ತಗೆ ಮಾಡಬಹುದು, ಕಂದು ಬಣ್ಣ ಮ್ಯಾಟ್ ಮೈಗೆ ಇಂಗಿ ಒರೆಸಲೂ ಬರಲ್ಲ. ಬರ್ಂಟ್ ಅಂಬರ್ ಆಯಿಲ್ ಪೇಂಟಿಗೆ ವಾಸನೆ ಕಮ್ಮಿ ಇರೋ ವೈಟ್ ಸ್ಪಿರಿಟ್ ಸೇರಿಸಿ ಕೊಳೆ ನೀರಿನಷ್ಟು ತೆಳು ಮಾಡಿ ಹಚ್ಚಿ. 20–30 ನಿಮಿಷದ ನಂತರ ಮೇಕಪ್ ಸ್ಪಂಜಿನಿಂದ ಬಾಲದ ಕಡೆಗೆ ಒರೆಸಿದರೆ ಉಬ್ಬು ಚೊಕ್ಕ, ಸಂದಿ ಕಪ್ಪಗೆ. ಇದಕ್ಕೆ ಹಳೇ ಬ್ರಷ್ ಇರಲಿ, ಸೇಬಲ್ ಬೇಡ. ಕಿಟಕಿ ತೆರೆದಿರಲಿ. ಎಣ್ಣೆಬಣ್ಣ ಒಣಗೋಕೆ ಕನಿಷ್ಠ ಎರಡು ದಿನ ಬಿಡಿ. ರೆಕ್ಕೆಯ ಪೊರೆಗೆ ಮಾತ್ರ ಹಚ್ಚಬೇಡಿ, ಕಿತ್ತಳೆ ಗ್ಲೇಜ್‌ಗಳೆಲ್ಲ ಕಂದಿಹೋಗ್ತವೆ.

ತುದಿಕುಂಚ

ಆಯಿಲ್ ವಾಶ್ ಮಾಡೋದಾದರೆ ಮಾಡಿ, ಆದರೆ ಎಡ್ಜ್ ಹೈಲೈಟ್‌ಗೆ ಮುಂಚೆ. ಆಮೇಲೆ ಮಾಡಿದರೆ ತಿಳಿಹಸಿರು ಅಂಚುಗಳು ಕಂದಾಗಿ ಆ ಶ್ರಮವೆಲ್ಲ ದಂಡ.

ಎಲ್ಲ ಮುಗಿದ ಮೇಲಿನ ಕೊನೆಯ ವಾರ್ನಿಶ್ ಬಗ್ಗೆ ಯಾರೂ ಹೇಳಿಲ್ಲ. ಕೈಯಲ್ಲಿ ಹಿಡಿಯೋ ಮಾಡೆಲ್‌ಗೆ ಮೊದಲು ಗ್ಲಾಸ್ ಒಂದು ಕೋಟ್, ಗಟ್ಟಿ ಇರೋದು ಅದೇ. ಅದು ಒಣಗಿದ ಮೇಲೆ ಮ್ಯಾಟ್, ಎರಡು ತೆಳು ಬೀಸು. ಮ್ಯಾಟ್ ಸ್ಪ್ರೇಯನ್ನ ತೇವದ ಹವೆಯಲ್ಲಿ ಹೊಡೆದರೆ ಅಥವಾ ಸರಿಯಾಗಿ ಕುಲುಕದಿದ್ದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ. ಕಡುಗೆಂಪಿನ ಮೇಲೆ ಅದು ಎದ್ದು ಕಾಣುತ್ತೆ. ಹಾಗಾದರೆ ಗಾಬರಿ ಬೇಡ, ಮೇಲೆ ಇನ್ನೊಂದು ಗ್ಲಾಸ್ ಕೋಟ್ ಕೊಟ್ಟರೆ ಬಹಳ ಸಲ ಬಿಳುಪು ಮಾಯವಾಗುತ್ತೆ, ಆಮೇಲೆ ಮ್ಯಾಟನ್ನ ಬ್ರಷ್‌ನಿಂದ ಹಚ್ಚಿ. ಮೊದಲು ಪ್ರೈಮರ್ ಹೊಡೆದ ಒಂದು ರೆಸಿನ್ ತುಂಡಿನ ಮೇಲೆ ನೋಡಿಕೊಳ್ಳಿ. ಸವಾರನನ್ನ ಜೀನಿಗೆ ಅಂಟಿಸೋದು ವಾರ್ನಿಶ್‌ಗೆ ಮುಂಚೆಯೇ, ಸೂಪರ್‌ಗ್ಲೂ ತೀರಾ ಕಮ್ಮಿ. ಜಾಸ್ತಿ ಹಾಕಿದರೆ ಅದರ ಆವಿ ಸುತ್ತಲಿನ ಬಣ್ಣದ ಮೇಲೆ ಬಿಳಿಯಾಗಿ ಕೂರುತ್ತೆ.

ಮ್ಯಾಟ್ ಪೂರ್ತಿ ಒಣಗಿದ ಮೇಲೆ ಕವಚಕ್ಕೂ ಕತ್ತಿಗೂ ಬ್ರಷ್‌ನಿಂದ ಸ್ಯಾಟಿನ್ (ಅರೆಹೊಳಪಿನ ವಾರ್ನಿಶ್), ಡ್ರಾಗನ್ನಿನ ಕಣ್ಣು, ನಾಲಿಗೆ, ಒಸಡಿಗೆ ಗ್ಲಾಸ್. ಉಗುರು, ಕೊಂಬು ಮ್ಯಾಟ್‌ನಲ್ಲೇ ಇರಲಿ.